ಮೋನಾಲಿಸಾಗೆ ಮಂಗಳವಾರ ರಜೆ

ಮಂಗಳವಾರ ಬೆಳಿಗ್ಗೆ ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದ ಅಂಗಳಕ್ಕೆ ಹೋದರೆ ಗಾಜಿನ ಪಿರಮಿಡ್ಡಿನ ಮುಂದೆ ಒಂದಿಷ್ಟು ಜನ ನಿಂತಿರುವುದನ್ನು ಕಾಣಬಹುದು. ಹೆಗಲಲ್ಲಿ ಚೀಲ, ಕೈಯಲ್ಲಿ ನಕ್ಷೆ. ಗಡಿಯಾರ ನೋಡಿಕೊಳ್ಳುತ್ತಾರೆ, ಬಾಗಿಲು ನೋಡುತ್ತಾರೆ, ಮತ್ತೆ ಗಡಿಯಾರ ನೋಡಿಕೊಳ್ಳುತ್ತಾರೆ. ಬಾಗಿಲು ಮಾತ್ರ ತೆರೆಯುವುದಿಲ್ಲ. ವಾರಕ್ಕೊಂದು ರಜೆ ಎಲ್ಲರಿಗೂ ಬೇಕು. ಮೋನಾಲಿಸಾಗೆ ಅದು ಮಂಗಳವಾರ.

ಮುಂದಿನ ವರ್ಷ ಮತ್ತೆ ಬರಬಲ್ಲವರಿಗೆ ಇದು ನಗೆಯ ಸಂಗತಿ. ಆದರೆ ಜೀವಮಾನದಲ್ಲಿ ಒಮ್ಮೆ ಹೊರಟವರ ಪಾಡೇನು? ಪ್ಯಾರಿಸ್ ನೋಡಬೇಕೆಂದು ವರ್ಷಗಟ್ಟಲೆ ಹಣ ಕೂಡಿಟ್ಟು, ಐದೇ ದಿನದ ಪ್ರವಾಸದಲ್ಲಿ ಒಂದು ದಿನವನ್ನು ಮುಚ್ಚಿದ ಬಾಗಿಲ ಮುಂದೆ ಕಳೆದರೆ ಅದು ಸಣ್ಣ ನಷ್ಟವಲ್ಲ.

ಮೈಸೂರಿನಲ್ಲಿ ಒಬ್ಬರು ನಿವೃತ್ತ ಮೇಷ್ಟರಿದ್ದಾರೆ ಎಂದುಕೊಳ್ಳಿ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳಿದವರು. ಫ್ರಾನ್ಸಿನ ಮಹಾಕ್ರಾಂತಿ, ಹಮ್ಮುರಾಬಿಯ ಶಾಸನ, ನೆಪೋಲಿಯನ್ನನ ದಂಡಯಾತ್ರೆ ಎಲ್ಲವನ್ನೂ ಬಾಯಿಪಾಠ ಹೇಳಬಲ್ಲವರು. ಒಂದನ್ನೂ ಕಣ್ಣಾರೆ ಕಂಡವರಲ್ಲ. ನಿವೃತ್ತಿಯಾದಾಗ ಬಂದ ಹಣದಲ್ಲಿ ಒಂದು ಪಾಲನ್ನು ತೆಗೆದಿಟ್ಟು ಪತ್ನಿಯೊಡನೆ ಪ್ಯಾರಿಸ್ಸಿಗೆ ಹೊರಡುವ ಮನಸ್ಸು ಮಾಡಿದ್ದಾರೆ. ನೋಟುಬುಕ್ಕಿನಲ್ಲಿ ನೋಡಬೇಕಾದ ಸ್ಥಳಗಳ ಪಟ್ಟಿ ಬರೆದರು. ಒಟ್ಟು ಮೂವತ್ತೊಂದು. ಲೂವ್ರ್ ಇದ್ದದ್ದು ಮಂಗಳವಾರದ ಕೆಳಗೆ.

ಪತ್ನಿ ಪಟ್ಟಿಯನ್ನು ಓದಿ ಕೆಳಗಿಟ್ಟರು. ‘ದಿನಕ್ಕೆ ಆರು ಕಡೆ! ರೀ, ಮನೆಮನೆಗೂ ಕಾಗದ ಹಾಕಿ ಬರೋಕೆ ನಾವೇನು ಅಂಚೆಯವರಾ?’

ಪ್ಯಾರಿಸ್ ಪ್ರವಾಸದ ಯೋಜನೆ ನಿಜವಾಗಿ ಆರಂಭವಾಗುವುದು ಈ ಪ್ರಶ್ನೆಯಿಂದ. ಏನೇನು ನೋಡಬೇಕು ಎಂಬ ಪಟ್ಟಿಯನ್ನು ಯಾರು ಬೇಕಾದರೂ ಬರೆಯಬಹುದು. ಯಾವ ದಿನ ಯಾವುದು, ಅದಕ್ಕಿಂತ ಹೆಚ್ಚಾಗಿ ಯಾವುದನ್ನು ಬಿಡುವುದು ಎಂದು ತೀರ್ಮಾನಿಸುವುದೇ ಕಷ್ಟ.

ವಾರದ ಲೆಕ್ಕ

ಮೊದಲು ಕಾಗದಪತ್ರದ ಮಾತು. ಫ್ರಾನ್ಸಿಗೆ ಹೋಗಲು ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳಿರುವಾಗಿನಿಂದ ಅರ್ಜಿ ಹಾಕಬಹುದು. ಹದಿನೈದು ದಿನಕ್ಕಿಂತ ತಡಮಾಡುವಂತಿಲ್ಲ. 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೊ. ಜೊತೆಗೆ ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಎಲ್ಲಿ ಉಳಿಯುತ್ತೀರಿ, ಎಂದು ಹಿಂತಿರುಗುತ್ತೀರಿ ಎಂಬುದಕ್ಕೂ ಕಾಗದ ತೋರಿಸಬೇಕು. ಅಂದರೆ ದಿನಗಳ ಯೋಜನೆಯನ್ನು ಅಲ್ಲಿ ಹೋಗಿ ಮಾಡಿಕೊಂಡರಾಯಿತು ಎನ್ನುವಂತಿಲ್ಲ.

ಇನ್ನು ವಾರದ ಲೆಕ್ಕ. ಲೂವ್ರ್‌ಗೆ ಮಂಗಳವಾರ ರಜೆ. ಮೋನೆಯ ನೈದಿಲೆ ಚಿತ್ರಗಳಿರುವ ಒರಾಂಜರಿಗೂ ಮಂಗಳವಾರವೇ. ಓರ್ಸೆ ವಸ್ತುಸಂಗ್ರಹಾಲಯಕ್ಕೆ ಸೋಮವಾರ. ವರ್ಸೇಲ್ಸ್ ಅರಮನೆಗೂ ಸೋಮವಾರ. ಲೂವ್ರ್ ಮುಚ್ಚಿದ ದಿನ ಅಲ್ಲಿನ ಜನವೆಲ್ಲ ಓರ್ಸೆಯತ್ತ ನಡೆಯುವುದರಿಂದ ಮಂಗಳವಾರ ಓರ್ಸೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಲೂವ್ರ್ ಬುಧವಾರ ಮತ್ತು ಶುಕ್ರವಾರ ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ. ಓರ್ಸೆ ಗುರುವಾರ ರಾತ್ರಿ ಒಂಬತ್ತೂ ಮುಕ್ಕಾಲರವರೆಗೆ. ಸಂಜೆ ಆರರ ನಂತರ ಗುಂಪುಗಳು ಊಟಕ್ಕೆ ಹೊರಡುತ್ತವೆ, ಚಿತ್ರಗಳ ಮುಂದೆ ನಿಲ್ಲಲು ಜಾಗ ಸಿಗುತ್ತದೆ.

ಯಾವ ವಾರ ಎಂಬುದೂ ಮುಖ್ಯ. ಜೂನ್‌ನಲ್ಲಿ ರಾತ್ರಿ ಹತ್ತು ಗಂಟೆಯ ಹೊತ್ತಿಗೂ ಬೆಳಕಿರುತ್ತದೆ. ಡಿಸೆಂಬರಿನಲ್ಲಿ ಸಂಜೆ ಐದಕ್ಕೇ ಸೂರ್ಯ ಮುಳುಗುತ್ತಾನೆ. ಆಗಸ್ಟಿನಲ್ಲಿ ಪ್ಯಾರಿಸ್ಸಿನವರೇ ಊರು ಬಿಟ್ಟು ರಜೆಗೆ ಹೋಗುವುದರಿಂದ ಎಷ್ಟೋ ಸಣ್ಣ ಅಂಗಡಿ, ಹೋಟೆಲುಗಳಿಗೆ ಬೀಗ ಬಿದ್ದಿರುತ್ತದೆ.

ಪ್ಯಾರಿಸ್ ತಲುಪಲು ಸೋಮವಾರ ಒಳ್ಳೆಯ ದಿನ. ಇದಕ್ಕೆ ಕಾರಣ ಅಲ್ಲಿನ ‘ನಾವಿಗೊ’ ಪಾಸು. ವಾರದ ಪಾಸು ಎಂದರೆ ಕೊಂಡ ದಿನದಿಂದ ಏಳು ದಿನವಲ್ಲ. ಸೋಮವಾರದಿಂದ ಭಾನುವಾರ, ಅಷ್ಟೇ. ಶುಕ್ರವಾರ ಇಳಿದವರಿಗೆ ಅದರಿಂದ ಲಾಭವಿಲ್ಲ. ಸೋಮವಾರ ಇಳಿದು ಶನಿವಾರ ಹೊರಡುವವರಿಗೆ ಅದು ಕಾಮಧೇನು. ಮೆಟ್ರೊ, ಬಸ್ಸು, ವಿಮಾನ ನಿಲ್ದಾಣದ ರೈಲು, ವರ್ಸೇಲ್ಸಿನ ರೈಲು ಎಲ್ಲವೂ ಅದರಲ್ಲಿ ಸೇರಿದೆ. 2025ರಲ್ಲಿ ಅದರ ಬೆಲೆ 31.60 ಯೂರೊ ಇತ್ತು, ಕಾರ್ಡಿಗೆ ಇನ್ನೈದು. ಅದೇ ವರ್ಷ ವಿಮಾನ ನಿಲ್ದಾಣದಿಂದ ಊರಿಗೆ ಒಂದು ಸಲದ ಟಿಕೆಟ್ಟಿಗೇ 13 ಯೂರೊ ಇದ್ದುದನ್ನು ನೆನೆದರೆ ಉಳಿತಾಯ ಎಷ್ಟೆಂದು ತಿಳಿಯುತ್ತದೆ. ಕಾರ್ಡಿಗೆ ಅಂಟಿಸಲು ಒಂದು ಚಿಕ್ಕ ಫೋಟೋ ಬೇಕು. ಅದನ್ನು ಮೈಸೂರಿನಲ್ಲೇ ತೆಗೆಸಿಟ್ಟುಕೊಳ್ಳುವುದು ಜಾಣತನ.

ದಿನಕ್ಕೊಂದೇ ದೊಡ್ಡದು

ಮೇಷ್ಟರ ಪತ್ನಿ ನೋಟುಬುಕ್ಕಿನ ಹೊಸ ಹಾಳೆಯಲ್ಲಿ ಐದು ಮನೆ ಗೀಚಿದರು. ದಿನಕ್ಕೆ ಒಂದೇ ದೊಡ್ಡ ಸ್ಥಳ. ಮಿಕ್ಕಿದ್ದೆಲ್ಲ ಅದರ ಅಕ್ಕಪಕ್ಕದಲ್ಲಿ, ನಡೆದು ಹೋಗುವಷ್ಟು ದೂರದಲ್ಲಿರಬೇಕು. ಈ ನಿಯಮ ಪ್ಯಾರಿಸ್ಸಿಗೆ ಚೆನ್ನಾಗಿ ಹೊಂದುತ್ತದೆ. ಊರಿನಲ್ಲಿ ಇಪ್ಪತ್ತು ವಾರ್ಡುಗಳು. ನಡುವಿನಿಂದ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡು ಹೋಗುತ್ತವೆ. 1860ರಿಂದಲೂ ಇದೇ ಲೆಕ್ಕ. ವಿಳಾಸದಲ್ಲಿ ವಾರ್ಡಿನ ಸಂಖ್ಯೆ ಚಿಕ್ಕದಾದಷ್ಟೂ ಊರಿನ ನಡುವಿಗೆ ಹತ್ತಿರ ಎಂದು ಬಹುಮಟ್ಟಿಗೆ ಹೇಳಬಹುದು. ಹೋಟೆಲು ಗೊತ್ತುಮಾಡುವಾಗ ಇದು ನೆನಪಿರಲಿ.

ಸೋಮವಾರ ಪ್ರಯಾಣದ ಆಯಾಸವಿರುತ್ತದೆ. ಅಂದು ಸೇನ್ ನದಿಯ ನಡುಗಡ್ಡೆಯಷ್ಟೇ ಸಾಕು. 2019ರ ಏಪ್ರಿಲ್ 15ರಂದು ಬೆಂಕಿಗೆ ತುತ್ತಾದ ನೋತ್ರ ದಾಮ್ ಚರ್ಚು 2024ರ ಡಿಸೆಂಬರಿನಲ್ಲಿ ಮತ್ತೆ ತೆರೆಯಿತು. ಒಳಗೆ ಹೋಗಲು ದುಡ್ಡು ಕೊಡಬೇಕಿಲ್ಲ. ಅಲ್ಲಿಂದ ಕೂಗಳತೆಯಲ್ಲಿ ಸೇಂತ್ ಶಪೆಲ್. ಹದಿಮೂರನೆಯ ಶತಮಾನದಲ್ಲಿ ಒಂಬತ್ತನೆಯ ಲೂಯಿ ಕಟ್ಟಿಸಿದ್ದು. ಅದರ ಹದಿನೈದು ಎತ್ತರದ ಕಿಟಕಿಗಳ ಬಣ್ಣದ ಗಾಜಿನಲ್ಲಿ ಸಾವಿರದ ನೂರಕ್ಕೂ ಹೆಚ್ಚು ದೃಶ್ಯಗಳಿವೆ. ಬಿಸಿಲಿರುವ ಹೊತ್ತಿನಲ್ಲಿ ನೋಡಬೇಕು. ಅದು ನ್ಯಾಯಾಲಯದ ಆವರಣದೊಳಗೆ ಇರುವುದರಿಂದ ತಪಾಸಣೆ ಬಿಗಿ. ಕತ್ತರಿ, ಚಾಕು ಬಿಡುವುದಿಲ್ಲ. ಮೇಷ್ಟರ ಪತ್ನಿ ಕೈಚೀಲದಲ್ಲಿ ಸದಾ ಇರುವ ಕಸೂತಿಯ ಕತ್ತರಿಯನ್ನು ಅಂದು ಕೋಣೆಯಲ್ಲೇ ಬಿಟ್ಟುಹೋಗಬೇಕಾದೀತು.

ಮಂಗಳವಾರ ಐಫೆಲ್ ಗೋಪುರ. 1889ರ ಮಹಾ ಪ್ರದರ್ಶನಕ್ಕೆಂದು ಎದ್ದ ಈ ಕಬ್ಬಿಣದ ಗೋಪುರಕ್ಕೆ ಇಪ್ಪತ್ತು ವರ್ಷದ ಪರವಾನಗಿ ಮಾತ್ರ ಇತ್ತು. ನಿಸ್ತಂತು ಸಂದೇಶಕ್ಕೆ ಉಪಯೋಗಕ್ಕೆ ಬಂದದ್ದರಿಂದ ಉಳಿಯಿತು. ಈಗ ಅದರ ಎತ್ತರ 330 ಮೀಟರ್. ಲಿಫ್ಟಿನ ಟಿಕೆಟ್ಟುಗಳು ಅರವತ್ತು ದಿನ ಮೊದಲೇ ಇಂಟರ್‌ನೆಟ್ಟಿನಲ್ಲಿ ಬಿಕರಿಗೆ ಬರುತ್ತವೆ, ಬೇಗ ಮುಗಿದೂ ಹೋಗುತ್ತವೆ. ಮೊಣಕಾಲು ಗಟ್ಟಿ ಇದ್ದವರು ಎರಡನೆಯ ಅಂತಸ್ತಿನವರೆಗೆ 674 ಮೆಟ್ಟಿಲು ಹತ್ತಬಹುದು. ಹತ್ತಲಾರದವರು ಕೊರಗಬೇಕಿಲ್ಲ. ಐಫೆಲ್ ಗೋಪುರದ ಮೇಲೆ ನಿಂತರೆ ಕಾಣದಿರುವ ವಸ್ತು ಎಂದರೆ ಐಫೆಲ್ ಗೋಪುರವೊಂದೇ. ನದಿಯಾಚೆಯ ತ್ರೊಕಾದೆರೊ ಜಗಲಿಯಲ್ಲಿ ಕತ್ತಲಾದ ಮೇಲೆ ನಿಂತರೆ ಗಂಟೆಗೊಮ್ಮೆ ಐದು ನಿಮಿಷ ಗೋಪುರವಿಡೀ ಮಿನುಗುವುದನ್ನು ಪುಕ್ಕಟೆಯಾಗಿ ನೋಡಬಹುದು.

ಬುಧವಾರ ಲೂವ್ರ್. ಇಲ್ಲಿ ಪ್ರವಾಸಿಗಳು ಮಾಡುವ ತಪ್ಪು ಎಲ್ಲವನ್ನೂ ನೋಡಲು ಹೊರಡುವುದು. ಪ್ರದರ್ಶನದಲ್ಲಿರುವ ಕೃತಿಗಳೇ ಸುಮಾರು 35,000. ಒಂದೊಂದಕ್ಕೆ ಅರ್ಧ ನಿಮಿಷ ಕೊಟ್ಟರೂ ಬೆಳಿಗ್ಗೆಯಿಂದ ಸಂಜೆಯವರೆಗೆ ನೋಡುತ್ತ ಒಂದು ತಿಂಗಳು ದಾಟುತ್ತದೆ. ಮೋನಾಲಿಸಾ ಚಿತ್ರ 77 ಸೆಂಟಿಮೀಟರ್ ಎತ್ತರ, 53 ಅಗಲ. ಗಾಜಿನ ಹಿಂದೆ, ನೂರಾರು ತಲೆಗಳಾಚೆ ಕಾಣುತ್ತದೆ. ಅದನ್ನು ನೋಡಲು ಮುಗಿಬೀಳುವವರ ಬೆನ್ನ ಹಿಂದಿನ ಗೋಡೆಯಲ್ಲೇ ಲೂವ್ರ್‌ನ ಅತಿ ದೊಡ್ಡ ಚಿತ್ರ, ವೆರೊನೆಸೆ ಬರೆದ ಕಾನಾದ ಮದುವೆಯೂಟ, ಹತ್ತಿರ ಹತ್ತಿರ ಹತ್ತು ಮೀಟರ್ ಅಗಲಕ್ಕೆ ಹರಡಿಕೊಂಡಿದೆ. ತಿರುಗಿ ನೋಡುವವರು ಕಡಿಮೆ.

ಮೇಷ್ಟರು ನೋಡಬೇಕಾದದ್ದು ಬೇರೆಯೇ ಇದೆ. ರಿಶೆಲ್ಯೂ ವಿಭಾಗದ ಕೆಳ ಅಂತಸ್ತಿನಲ್ಲಿ ಎರಡೂಕಾಲು ಮೀಟರ್ ಎತ್ತರದ ಕರಿಯ ಕಲ್ಲೊಂದು ನಿಂತಿದೆ. ತುದಿಯಲ್ಲಿ ಸೂರ್ಯದೇವನ ಮುಂದೆ ನಿಂತ ದೊರೆ, ಕೆಳಗೆ ಸಾಲುಸಾಲಾಗಿ ಮೊಳೆಯಕ್ಷರ. ಹಮ್ಮುರಾಬಿಯ ಶಾಸನ. ಕಣ್ಣಿಗೆ ಕಣ್ಣು, ಹಲ್ಲಿಗೆ ಹಲ್ಲು ಎಂದು ಮೂವತ್ತು ವರ್ಷ ಕರಿಹಲಗೆಯ ಮುಂದೆ ನಿಂತು ಹೇಳಿದ ಪಾಠದ ಮೂಲ ಅದು. ಮಂಗಳವಾರ ಹೋಗಿ ಹಿಂದಿರುಗಿದ್ದರೆ ತಪ್ಪಿಹೋಗುತ್ತಿದ್ದುದು ಈ ಕಲ್ಲು. ಹೀಗೆ ಪ್ರತಿಯೊಬ್ಬರಿಗೂ ಒಂದೋ ಎರಡೋ ಕಲ್ಲು ಇರುತ್ತದೆ. ಅದು ಯಾವುದೆಂದು ಮನೆಯಲ್ಲೇ ತೀರ್ಮಾನಿಸಿಕೊಂಡು ಹೋಗಬೇಕು. ನೇರವಾಗಿ ಅದರ ಮುಂದೆ ಹೋಗಿ ನಿಂತು, ಸಾಕೆನಿಸಿದ ಮೇಲೆ ಮಿಕ್ಕಿದ್ದು. 2026ರ ಜನವರಿಯಿಂದ ಯೂರೋಪಿನ ಹೊರಗಿನಿಂದ ಬಂದವರಿಗೆ ಇಲ್ಲಿನ ಟಿಕೆಟ್ ದರ 22ರಿಂದ 32 ಯೂರೊಗೆ ಏರಿದೆ. ಯೂರೊ ಒಂದಕ್ಕೆ ನೂರು ರೂಪಾಯಿ ಎಂದು ಲೆಕ್ಕ ಹಿಡಿದರೂ ಇಬ್ಬರಿಗೆ ಆರು ಸಾವಿರದ ನಾನೂರು. ಅಷ್ಟು ತೆತ್ತು ಓಡುತ್ತ ನೋಡುವುದರಲ್ಲಿ ಅರ್ಥವಿಲ್ಲ.

ಖರ್ಚು ತೂಗಿಸಲು ದಾರಿಯೂ ಉಂಟು. ಪ್ಯಾರಿಸ್ ನಗರಸಭೆಗೆ ಸೇರಿದ ಕಾರ್ನವಾಲೆ, ಪೆತಿ ಪಲೆ, ವಿಕ್ಟರ್ ಹ್ಯೂಗೊ ಮನೆ ಇವುಗಳ ಕಾಯಂ ಸಂಗ್ರಹ ನೋಡಲು ಶುಲ್ಕವಿಲ್ಲ. ಕಾರ್ನವಾಲೆಯಲ್ಲಿ ಊರಿನ ಇತಿಹಾಸವೇ ಇದೆ, ಕ್ರಾಂತಿಯ ಕಾಲದ ವಸ್ತುಗಳೂ ಇವೆ. ಬ್ಯಾಸ್ಟೀಲ್ ಸೆರೆಮನೆ ಹುಡುಕಿಕೊಂಡು ಹೋಗುವ ಚರಿತ್ರೆಯ ಮೇಷ್ಟರುಗಳಿಗೆ ಮಾತ್ರ ನಿರಾಸೆ ಕಾದಿದೆ. ಸೆರೆಮನೆಯನ್ನು ಕ್ರಾಂತಿಕಾರರು ಅಂದೇ ಕೆಡವಿಹಾಕಿದರು. ಆ ಚೌಕದ ನಡುವೆ ನಿಂತಿರುವ ಕಂಬ 1789ರದಲ್ಲ, 1830ರ ಕ್ರಾಂತಿಯ ನೆನಪಿನದು.

ಹೊಟ್ಟೆಯ ಗಡಿಯಾರ

ಪ್ಯಾರಿಸ್ಸಿನಲ್ಲಿ ಹಸಿವೆಗೂ ವೇಳಾಪಟ್ಟಿ ಉಂಟು. ಮಧ್ಯಾಹ್ನದ ಊಟ ಹನ್ನೆರಡರಿಂದ ಎರಡು. ರಾತ್ರಿಯ ಊಟ ಏಳೂವರೆಯ ನಂತರ. ನಡುವೆ ಎಷ್ಟೋ ಹೋಟೆಲುಗಳ ಅಡಿಗೆಮನೆಗೆ ಬೀಗ. ಮೂರು ಗಂಟೆಗೆ ಹಸಿದು ಬಂದವರಿಗೆ ಬ್ರೆಡ್ಡಿನ ಅಂಗಡಿಯೇ ಗತಿ. ಅದು ಕೆಟ್ಟ ಗತಿಯೇನಲ್ಲ. ‘ಬ್ಯಾಗೆಟ್ ತ್ರದಿಸ್ಯೋಂ’ ಎಂದು ಕರೆಯಬೇಕಾದರೆ ಹಿಟ್ಟು, ನೀರು, ಉಪ್ಪು, ಹುದುಗು ಮಾತ್ರ ಮುಖ್ಯವಾಗಿ ಇರಬೇಕೆಂದು 1993ರಲ್ಲಿ ಸರ್ಕಾರವೇ ಆಜ್ಞೆ ಹೊರಡಿಸಿತು. 2022ರಲ್ಲಿ ಬ್ಯಾಗೆಟ್ ಮಾಡುವ ಕಲೆ ಯುನೆಸ್ಕೊ ಪಟ್ಟಿಗೂ ಸೇರಿತು. ಒಂದು ಉದ್ದನೆಯ ಬ್ರೆಡ್ಡು, ಹಣ್ಣು, ಚೀಸ್ ಹಿಡಿದು ತ್ವಿಲರಿ ಅಥವಾ ಲುಕ್ಸಂಬೂರ್ ತೋಟದ ಹಸಿರು ಕುರ್ಚಿಯಲ್ಲಿ ಕುಳಿತರೆ ಕುರ್ಚಿಗೆ ಬಾಡಿಗೆಯೂ ಇಲ್ಲ.

ಹೋಟೆಲಿನಲ್ಲಿ ‘ಮೆನು’ ಎಂದು ಕೇಳಿದರೆ ಪಟ್ಟಿ ಬರುವುದಿಲ್ಲ, ಊಟವೇ ಬಂದೀತು. ಅಲ್ಲಿ ‘ಮೆನ್ಯು’ ಎಂದರೆ ಗೊತ್ತಾದ ಬೆಲೆಯ ಪೂರ್ತಿ ಊಟ. ಪಟ್ಟಿಗೆ ‘ಕಾರ್ತ್’ ಎನ್ನಬೇಕು. ಅದೇ ಹೋಟೆಲಿನಲ್ಲಿ ಮಧ್ಯಾಹ್ನದ ಗೊತ್ತುಪಡಿಸಿದ ಊಟ ರಾತ್ರಿಯದಕ್ಕಿಂತ ಸಾಮಾನ್ಯವಾಗಿ ಅಗ್ಗ. ಬಾಟಲಿ ನೀರಿಗೆ ದುಡ್ಡು ಸುರಿಯುವ ಬದಲು ‘ಕರಾಫ್ ದೋ’ ಎಂದರೆ ಹೂಜಿಯಲ್ಲಿ ನಲ್ಲಿನೀರು ಪುಕ್ಕಟೆ ಕೊಡುತ್ತಾರೆ. ಬಿಲ್ಲಿನಲ್ಲಿ ಸೇವಾಶುಲ್ಕ ಸೇರಿರುತ್ತದೆ, ಟಿಪ್ಸ್ ಕೊಡಲೇಬೇಕೆಂದಿಲ್ಲ. ಕಾಫಿಯನ್ನು ಕಟ್ಟೆಯ ಬಳಿ ನಿಂತು ಕುಡಿದರೆ ಒಂದು ಬೆಲೆ, ಬೀದಿಗೆ ಮುಖ ಮಾಡಿದ ಮೇಜಿನಲ್ಲಿ ಕುಳಿತರೆ ಹೆಚ್ಚಿನ ಬೆಲೆ.

ಸಸ್ಯಾಹಾರಿಗಳು ಪ್ರಶ್ನೆ ಕೇಳಲು ನಾಚಬಾರದು. ಹೆಸರಿನಲ್ಲಿ ಈರುಳ್ಳಿ ಮಾತ್ರ ಇರುವ ಸೂಪನ್ನು ಸಾಮಾನ್ಯವಾಗಿ ದನದ ಮಾಂಸದ ರಸದಲ್ಲಿ ಕುದಿಸಿರುತ್ತಾರೆ. ‘ಕೀಶ್ ಲೊರೇನ್’ ಎಂಬ ಕಡುಬಿನಲ್ಲಿ ಹಂದಿಮಾಂಸದ ಚೂರುಗಳಿರುತ್ತವೆ. ಸಾಂಪ್ರದಾಯಿಕ ಚೀಸುಗಳಲ್ಲಿ ಹಲವನ್ನು ಕರುವಿನ ಹೊಟ್ಟೆಯ ಕಿಣ್ವದಿಂದ ಹೆಪ್ಪುಗಟ್ಟಿಸುತ್ತಾರೆ. ಇದನ್ನು ಒಪ್ಪದವರು ಮೊದಲೇ ತಿಳಿದಿರಲಿ. ಮರೇ ಬಡಾವಣೆಯ ರೋಜಿಯೆ ಬೀದಿಯಲ್ಲಿ ಕಡಲೆಯ ವಡೆ ತುಂಬಿದ ಫಲಾಫೆಲ್ ರೊಟ್ಟಿ ಸಿಗುತ್ತದೆ. ಯಹೂದಿಗಳ ಬೀದಿಯಾದ್ದರಿಂದ ಶುಕ್ರವಾರ ಸಂಜೆಯಿಂದ ಶನಿವಾರದವರೆಗೆ ಅನೇಕ ಅಂಗಡಿಗಳಿಗೆ ಸಬ್ಬತ್ ರಜೆ. ಮೂರನೆಯ ದಿನದ ಹೊತ್ತಿಗೆ ನಾಲಿಗೆ ಅನ್ನ, ಸಾರು ಬೇಡಿದರೆ ಗಾರ್ ದು ನೋರ್ ರೈಲು ನಿಲ್ದಾಣದ ಬಳಿಯ ಲಾ ಶಪೆಲ್ ಬಡಾವಣೆಗೆ ಹೋಗಬೇಕು. ಶ್ರೀಲಂಕಾದಿಂದ ಬಂದು ನೆಲೆಸಿದ ತಮಿಳರ ಬೀದಿಗಳು ಅವು. ದೋಸೆ, ಇಡ್ಲಿ, ಕರಿಬೇವು ಎಲ್ಲವೂ ಉಂಟು. ಗಣಪತಿಯ ಗುಡಿಯೂ ಇದೆ. ಬೇಸಿಗೆಯ ಕೊನೆಯಲ್ಲಿ ಆ ಬೀದಿಗಳಲ್ಲಿ ಗಣಪನ ತೇರು ಎಳೆಯುತ್ತಾರೆ, ತೆಂಗಿನಕಾಯಿ ಒಡೆಯುತ್ತಾರೆ.

ಅಂಗಡಿ ಬೀದಿಯಲ್ಲಿ

ಗುರುವಾರ ಹಗಲು ಮೇಷ್ಟರ ಪತ್ನಿಯ ಪಾಲಿನದು. ಅವರ ಪಟ್ಟಿಯಲ್ಲಿ ಅತ್ತರು, ಕೈಚೀಲಗಳಿಲ್ಲ. ಬಟ್ಟೆ ಮತ್ತು ಗುಂಡಿ. ಮೊಂಮಾರ್ತ್ರ ಗುಡ್ಡದ ಬುಡದಲ್ಲಿ ಸೇಂ ಪಿಯೆರ್ ಬಟ್ಟೆ ಮಾರುಕಟ್ಟೆಯಿದೆ. ಥಾನುಗಟ್ಟಲೆ ಬಟ್ಟೆ ಅಂತಸ್ತು ಅಂತಸ್ತಾಗಿ ಪೇರಿಸಿರುತ್ತದೆ, ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ. ಸುತ್ತಮುತ್ತ ಲೇಸು, ಗುಂಡಿ, ತುಂಡುಬಟ್ಟೆಗಳ ಅಂಗಡಿಗಳು. ಭಾನುವಾರ ರಜೆ. ಮೇಲೆ ಸಾಕ್ರೆ ಕರ್ ಚರ್ಚಿಗೆ ಹತ್ತುವ ಮೆಟ್ಟಿಲ ಬಳಿ ಸ್ನೇಹದ ಹೆಸರಿನಲ್ಲಿ ಕೈಗೆ ದಾರ ಕಟ್ಟಿ ದುಡ್ಡು ಕೀಳುವವರಿದ್ದಾರೆ. ಕೈಗಳನ್ನು ಜೇಬಿನಲ್ಲಿಟ್ಟು ನಡೆಯಬೇಕು. ಮೆಟ್ರೊದಲ್ಲಿ ಆ ಜೇಬಿನ ಮೇಲೂ ಕಣ್ಣಿರಬೇಕು.

ಕೊಳ್ಳದೆಯೇ ನೋಡಬೇಕಾದ ಅಂಗಡಿಗಳೂ ಉಂಟು. ಗಾಲರಿ ಲಾಫಾಯೆತ್‌ನ ಬಣ್ಣದ ಗಾಜಿನ ಗುಮ್ಮಟ 1912ರದು. ಅದರ ತಾರಸಿಗೆ ಹೋಗಿ ಊರನ್ನು ನೋಡಲು ಟಿಕೆಟ್ ಇಲ್ಲ. 1852ರಲ್ಲಿ ಅರಿಸ್ತೀದ್ ಬುಸಿಕೊ ಎಂಬಾತ ಪಾಲುದಾರನಾಗಿ ಸೇರಿದ ಬಾನ್ ಮಾರ್ಷೆ ಅಂಗಡಿ ಚೌಕಾಸಿಗೆ ಕೊನೆ ಹಾಡಿ ಪ್ರತಿ ಸರಕಿಗೂ ಬೆಲೆಚೀಟಿ ಅಂಟಿಸಿತು. ಎಮಿಲಿ ಜೋಲಾ 1883ರಲ್ಲಿ ಪ್ರಕಟಿಸಿದ ಕಾದಂಬರಿಗೆ ಇಂಥ ಅಂಗಡಿಯೇ ವಸ್ತು. ಮಳೆ ಬಂದರೆ ಗಾಜಿನ ಚಾವಣಿಯ ಹಳೆಯ ಅಂಗಡಿ ಓಣಿಗಳಾದ ಪನೊರಮಾ, ವಿವಿಯೆನ್‌ಗಳಲ್ಲಿ ನೆನೆಯದೆ ಅಡ್ಡಾಡಬಹುದು. ಎಲ್ಲಿಗೆ ಹೋದರೂ ಒಳಗೆ ಕಾಲಿಡುತ್ತಲೇ ‘ಬೋಂಜೂರ್’ ಎನ್ನಬೇಕು. ನಮಸ್ಕಾರ ಹೇಳದೆ ಬೆಲೆ ಕೇಳಿದವರನ್ನು ಅಂಗಡಿಯವರು ಒರಟರೆಂದೇ ಎಣಿಸುತ್ತಾರೆ. ಪ್ಯಾರಿಸ್ಸಿನವರು ಸಿಡುಕರು ಎಂಬ ದೂರಿನಲ್ಲಿ ಅರ್ಧ ಪಾಲು ಈ ಒಂದು ಮಾತನ್ನು ಮರೆತವರದು.

ಒಂದೇ ಅಂಗಡಿಯಲ್ಲಿ ನೂರು ಯೂರೊಗಿಂತ ಹೆಚ್ಚು ಕೊಂಡರೆ ಹೊರದೇಶದವರಿಗೆ ಮಾರಾಟ ತೆರಿಗೆಯಲ್ಲಿ ಒಂದು ಭಾಗ ಹಿಂದಕ್ಕೆ ಸಿಗುತ್ತದೆ. ಪಾಸ್‌ಪೋರ್ಟ್ ತೋರಿಸಿ ‘ದೆತಾಕ್ಸ್’ ಕಾಗದ ಕೇಳಬೇಕು. ವಿಮಾನ ನಿಲ್ದಾಣದಲ್ಲಿ ಸಾಮಾನು ಒಪ್ಪಿಸುವುದಕ್ಕೆ ಮುಂಚೆ ಅದಕ್ಕೆಂದೇ ಇಟ್ಟ ಯಂತ್ರದಲ್ಲಿ ಕಾಗದಕ್ಕೆ ಮುದ್ರೆ ಬೀಳಬೇಕು. ಮುದ್ರೆಯಿಲ್ಲದಿದ್ದರೆ ಹಣವಿಲ್ಲ. ಅಗ್ಗದ ಮಾರಾಟಕ್ಕೂ ಅಲ್ಲಿ ಕಾನೂನಿನ ಕಟ್ಟುಪಾಡಿದೆ. ಜನವರಿಯಲ್ಲಿ ಮತ್ತು ಜೂನ್ ಕೊನೆಯಿಂದ ನಾಲ್ಕು ನಾಲ್ಕು ವಾರ ‘ಸೋಲ್ಡ್’ ನಡೆಯುತ್ತದೆ.

ಮೈಸೂರಿನವರ ಕೋಣೆ

ಶುಕ್ರವಾರ ವರ್ಸೇಲ್ಸ್. ಕನ್ನಡಿಗಳ ಹಜಾರಕ್ಕೆ ಜನ ಮುಗಿಬೀಳುವ ಅರಮನೆಯಲ್ಲಿ ಮೈಸೂರಿನವರು ಒಂದು ನಿಮಿಷ ನಿಲ್ಲಬೇಕಾದ ಕೋಣೆ ಬೇರೆ ಇದೆ, ಹರ್ಕ್ಯುಲಿಸ್ ಸಭಾಂಗಣ. 1788ರ ಆಗಸ್ಟ್ 10ರಂದು ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳನ್ನು ಹದಿನಾರನೆಯ ಲೂಯಿ ಅಲ್ಲಿ ಬರಮಾಡಿಕೊಂಡ. ಹಿಂದಿನ ವರ್ಷ ಪಾಂಡಿಚೇರಿಯಲ್ಲಿ ಹಡಗು ಹತ್ತಿದವರು ಫ್ರಾನ್ಸಿನ ತೂಲೋಂ ಬಂದರು ಮುಟ್ಟಿದ್ದು ಜೂನ್‌ನಲ್ಲಿ. ಪ್ಯಾರಿಸ್ಸಿನ ಜನ ಅವರನ್ನು ನೋಡಲು ಬೀದಿಗೆ ಬಂದರು. ಚಿತ್ರಗಾರ್ತಿ ವಿಜೆ ಲೆಬ್ರುನ್ ಅವರಲ್ಲೊಬ್ಬನಾದ ದರ್ವೇಶ್ ಖಾನನ ಆಳೆತ್ತರದ ಚಿತ್ರ ಬರೆದಳು. ಅವರ ಬಿಡಾರದಲ್ಲಿ ನೆಲದ ಮೇಲೆ ಕುಳಿತು ಊಟ ಮಾಡಿದ್ದನ್ನೂ ನೆನಪಿನ ಪುಸ್ತಕದಲ್ಲಿ ಬರೆದಿಟ್ಟಳು. ಊರು ನೋಡಿದ್ದಾಯಿತು, ಸೇವ್ರ್‌ನ ಪಿಂಗಾಣಿ ಉಡುಗೊರೆಯಾಗಿ ಸಿಕ್ಕಿತು, ಕುಶಲಕರ್ಮಿಗಳೂ ಸಿಕ್ಕರು. ಮುಖ್ಯವಾಗಿ ಕೇಳಲು ಹೋದ ಸೈನ್ಯದ ನೆರವು ಮಾತ್ರ ಸಿಗಲಿಲ್ಲ. ಅವರು ಹಿಂದಿರುಗಿದ ವರ್ಷವೇ, 1789ರ ಜುಲೈ 14ರಂದು, ಬ್ಯಾಸ್ಟೀಲ್ ಬಿತ್ತು.

ಈ ಸಂಗತಿ ಮೇಷ್ಟರಿಗೆ ಹೊಸದಲ್ಲ. ಶ್ರೀರಂಗಪಟ್ಟಣಕ್ಕೆ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ಹೇಳಿದ್ದೇ. ಆದರೂ ಅದರ ಇನ್ನೊಂದು ತುದಿಯಲ್ಲಿ ನಿಲ್ಲುವುದು ಬೇರೆ. ಪಟ್ಟಿಯಲ್ಲಿ ಮೊದಲು ವರ್ಸೇಲ್ಸ್ ಇರಲೇ ಇಲ್ಲ, ಮೂವತ್ತೊಂದರ ನೂಕುನುಗ್ಗಲಿನಲ್ಲಿ ಅದಕ್ಕೆ ಜಾಗ ಸಿಕ್ಕಿರಲಿಲ್ಲ. ಇಪ್ಪತ್ತನ್ನು ಹೊಡೆದುಹಾಕಿದ ಮೇಲೆ ಸಿಕ್ಕಿತು.

ಕೊನೆಗೆ ಐದೂ ಮನೆ ತುಂಬಿದವು. ಗುರುವಾರ ಮಧ್ಯಾಹ್ನ ಬಟ್ಟೆ ಅಂಗಡಿ ಮುಗಿದು, ಓರ್ಸೆಗೆ ಹೊರಡುವವರೆಗಿನ ಮೂರು ಗಂಟೆ ಮಾತ್ರ ಖಾಲಿ ಉಳಿಯಿತು. ಮೇಷ್ಟರು ನೆಪೋಲಿಯನ್ನನ ಸಮಾಧಿಯನ್ನು ಅಲ್ಲಿ ತುರುಕಲು ಪೆನ್ನು ಎತ್ತಿದರು. ಪತ್ನಿ ನೋಟುಬುಕ್ಕನ್ನು ತಮ್ಮತ್ತ ಎಳೆದುಕೊಂಡು ಆ ಜಾಗದಲ್ಲಿ ತಾವೇ ಬರೆದರು: ‘ತೋಟದಲ್ಲಿ ಸುಮ್ಮನೆ ಕೂರುವುದು.’

ಮೇಷ್ಟರು ಪೆನ್ನಿಗೆ ಮುಚ್ಚಳ ಹಾಕಿದರು.